ವರ್ಣಕ್ರಮ ಮತ್ತು ಲೇಶ್ಯಾಕ್ರಮ: ಚಿತ್ರಿತ ಹಸ್ತಪ್ರತಿಗಳ ಬಣ್ಣಗಳ ವಿನ್ಯಾಸವನ್ನು ಕುರಿತು

ಹಸ್ತಪ್ರತಿಗಳ ವರ್ಣನಾತ್ಮಕ ಸೂಚಿಯನ್ನು ಸಿದ್ಧಪಡಿಸುವಾಗ ಗರಿಗಳ ಸಂಖ್ಯೆ, ಅವುಗಳ ಉದ್ದ ಅಗಲ, ಪುಟವೊಂದಕ್ಕೆ ಇರುವ ಪಂಕ್ತಿಗಳು, ಲಿಪಿ, ಆದಿ ಮತ್ತು ಅಂತ್ಯದ ಪದ್ಯಗಳು, ಪುಷ್ಪಿಕೆ, ಲಿಪಿಕಾರನ ಹೆಸರು ಇವುಗಳನ್ನು ನಮೂದಿಸುವುದು ವಾಡಿಕೆ. ಪ್ರತಿಯಲ್ಲಿ ಚಿತ್ರಗಳಿದ್ದರೆ 'ಸಚಿತ್ರ' ಎಂಬ ಒಂದು ಮಾತು ಸೇರುತ್ತದೆ. ಆ ಚಿತ್ರಗಳಲ್ಲಿ ಎಷ್ಟು ಬಣ್ಣಗಳಿವೆ, ಅವುಗಳಲ್ಲಿ ಶುದ್ಧವಾದವು ಯಾವುವು, ಮಿಶ್ರವಾದವು ಯಾವುವು, ಯಾವ ಬಣ್ಣದ ಪಕ್ಕದಲ್ಲಿ ಯಾವುದನ್ನು ಇಡಲಾಗಿದೆ ಎಂಬ ವಿವರಗಳು ದೊರೆಯುವುದು ವಿರಳ. ಆದರೆ ಪ್ರಾಚೀನ ಚಿತ್ರಕಾರನ ದೃಷ್ಟಿಯಲ್ಲಿ ಬಣ್ಣಗಳನ್ನು ಕ್ರಮವಾಗಿ ಜೋಡಿಸಿಕೊಳ್ಳುವುದೇ ಕೃತಿಯ ಆರಂಭ. ಜೈನ ಸಿದ್ಧಾಂತಿಗಳೂ ಬಣ್ಣಗಳಿಗೆ ಒಂದು ನಿಯತವಾದ ಕ್ರಮವನ್ನು ಹೇಳಿದ್ದಾರೆ. ಕನ್ನಡನಾಡಿನಲ್ಲಿ ಬೆಳೆದ ಈ ಎರಡು ಕ್ರಮಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ಚಿತ್ರಿತ ಪ್ರತಿಗಳ ಅಧ್ಯಯನಕ್ಕೆ ಕೆಲವು ಉಪಯುಕ್ತವಾದ ಸೂಚನೆಗಳು ಲಭಿಸುತ್ತವೆ.

ಈ ವಿಚಾರಕ್ಕೆ ಮೈಸೂರು ಜಿಲ್ಲೆಯ ನಂಜನಗೂಡು ಮತ್ತು ತಿರುಮಕೂಡಲು ನರಸೀಪುರದ ಸೀಮೆ ಉಚಿತವಾದ ನೆಲೆಯಾಗಿದೆ. ಕಪಿಲಾ ನದಿಯು ನಂಜನಗೂಡನ್ನು ಬಳಸಿ ಹರಿದು ನರಸೀಪುರದಲ್ಲಿ ಕಾವೇರಿಯನ್ನು ಸೇರುತ್ತದೆ. ಈ ಸಂಗಮದ ಬಳಿ 1959ರಿಂದ 1965ರವರೆಗಿನ ಅವಧಿಯಲ್ಲಿ ನಡೆದ ಉತ್ಖನನಗಳಲ್ಲಿ ನವಶಿಲಾಯುಗದ ನೆಲೆಯೊಂದು ಬೆಳಕಿಗೆ ಬಂದಿತು. ಅದರ ವರದಿಯು 1971ರಲ್ಲಿ ಪ್ರಕಟವಾಯಿತು. ದಕ್ಷಿಣದ ನವಶಿಲಾಯುಗದ ನೆಲೆಗಳ ಒಂದು ವಿಶೇಷವೆಂದರೆ ಬೂದು ಬಣ್ಣದ ನಯವಾದ ಮಡಕೆಗಳ ಮೇಲೆ, ಅವುಗಳನ್ನು ಸುಟ್ಟ ಅನಂತರ, ಕಾವಿಯಿಂದ ಪಟ್ಟಿಗಳನ್ನು ಬರೆಯುತ್ತಿದ್ದುದು. ಮುಂದೆ ಚಿತ್ರಶಾಸ್ತ್ರಗಳು ಗೈರಿಕವೆಂದು ಕರೆದುದು ಈ ಕೆಮ್ಮಣ್ಣನ್ನೇ. ಬರವಣಿಗೆ ಹುಟ್ಟುವುದಕ್ಕೆ ಮೊದಲೇ ಈ ನಾಡಿನವರು ಕೈಗೆತ್ತಿಕೊಂಡ ಬಣ್ಣವೆಂಬ ಕಾರಣದಿಂದ ವರ್ಣಗಳ ಚರಿತ್ರೆಯಲ್ಲಿ ಅದಕ್ಕೆ ಮೊದಲ ಸ್ಥಾನ ಸಲ್ಲುತ್ತದೆ.

ನರಸೀಪುರ ತಾಲ್ಲೂಕಿಗೆ ಸೇರಿದ ತಲಕಾಡು ಗಂಗರ ರಾಜಧಾನಿಯಾಗಿದ್ದಿತು. ಗಂಗರ ಮಂತ್ರಿಯೂ ದಂಡನಾಯಕನೂ ಆಗಿದ್ದ ಚಾವುಂಡರಾಯನು ಶ್ರವಣಬೆಳಗೊಳದಲ್ಲಿ ಗೊಮ್ಮಟೇಶ್ವರನ ಮೂರ್ತಿಯನ್ನು ಮಾಡಿಸಿದವನೆಂದೂ, 978ರಲ್ಲಿ ಗದ್ಯರೂಪದ ಪುರಾಣವನ್ನು ರಚಿಸಿದವನೆಂದೂ ಪ್ರಸಿದ್ಧನಾಗಿದ್ದಾನೆ. ಅವನಿಗಾಗಿ ನೇಮಿಚಂದ್ರ ಸಿದ್ಧಾಂತಚಕ್ರವರ್ತಿಗಳು ರಚಿಸಿದ ಗೊಮ್ಮಟಸಾರಕ್ಕೆ ಕೇಶವವರ್ಣಿಯು 1359ರಲ್ಲಿ ಕನ್ನಡ ವೃತ್ತಿಯನ್ನು ಬರೆದನು. ಲೇಶ್ಯೆಗಳ ವರ್ಣಕ್ರಮವು ಕನ್ನಡ ಓದುಗರಿಗೆ ಪರಿಚಿತವಾದುದು ಬಹುಮಟ್ಟಿಗೆ ಈ ಪರಂಪರೆಯ ಮೂಲಕ.

ನಂಜನಗೂಡಿನ ಸಾಕ್ಷ್ಯ ಬೇರೆ ಬಗೆಯದು. ಅಲ್ಲಿನ ಶ್ರೀಕಂಠೇಶ್ವರ ದೇವಾಲಯಕ್ಕೆ ಮುಮ್ಮಡಿ ಕೃಷ್ಣರಾಜ ಒಡೆಯರ (1794–1868) ಆಶ್ರಯವು ವಿಪುಲವಾಗಿ ದೊರೆಯಿತು. ಅರಸರ ಹೆಸರಿನಲ್ಲಿರುವ ಶ್ರೀತತ್ತ್ವನಿಧಿಯಲ್ಲಿ ನಿರೂಪಿತವಾದ ಮೂವತ್ತೆರಡು ಗಣಪತಿಗಳ ಶಿಲಾಮೂರ್ತಿಗಳು ಈ ದೇವಾಲಯದಲ್ಲಿವೆ. ಶಕ್ತಿನಿಧಿಯಿಂದ ಕೌತುಕನಿಧಿಯವರೆಗೆ ಒಂಬತ್ತು ನಿಧಿಗಳಾಗಿ ವಿಭಾಗಗೊಂಡಿರುವ ಆ ಸಚಿತ್ರ ಗ್ರಂಥದಲ್ಲಿ ದೇವತೆಯ ಧ್ಯಾನ, ಆಯುಧ, ಆಸನಗಳೊಡನೆ ಮೈಬಣ್ಣವನ್ನೂ ಹೇಳಿದೆ. ತರುಣಗಣಪತಿ ಕೆಂಪು, ಭಕ್ತಿಗಣಪತಿ ಶರತ್ಕಾಲದ ಚಂದ್ರನಂತೆ ಬಿಳುಪು, ಉಚ್ಛಿಷ್ಟಗಣಪತಿ ನೀಲ. ನಂಜನಗೂಡಿನ ಮೂರ್ತಿಗಳ ಮುಂದೆ ನಿಂತವನಿಗೆ ಆಯುಧಗಳು ಕಾಣಿಸುತ್ತವೆ, ಆಸನವು ಕಾಣಿಸುತ್ತದೆ, ಬಣ್ಣ ಕಾಣಿಸುವುದಿಲ್ಲ. ಶಿಲೆಯು ಆಕಾರವನ್ನು ಉಳಿಸಿಕೊಂಡಿತು. ವರ್ಣವನ್ನು ಉಳಿಸಿದ್ದು ಹಸ್ತಪ್ರತಿ. ಹಸ್ತಪ್ರತಿಯ ಬಣ್ಣವೂ ಕೆಟ್ಟರೆ ಅದನ್ನು ತಿಳಿಯಲು ಪಠ್ಯವೊಂದೇ ದಾರಿಯಾಗುತ್ತದೆ. ಜೈನ ಚಿತ್ರಗಳ ವಿಷಯದಲ್ಲಿಯೂ ಸ್ಥಿತಿ ಹೀಗೆಯೇ ಇದೆ.

ಚಿತ್ರಕಾರರ ಕ್ರಮ

ಬಣ್ಣಗಳ ವಿಭಾಗವನ್ನು ವ್ಯವಸ್ಥಿತವಾಗಿ ಹೇಳುವ ಗ್ರಂಥಗಳಲ್ಲಿ ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನ ಅಭಿಲಷಿತಾರ್ಥಚಿಂತಾಮಣಿ ಅಥವಾ ಮಾನಸೋಲ್ಲಾಸವು ಪ್ರಮುಖವಾದುದು. ಇದರ ಕಾಲ ಸುಮಾರು 1130. ಇದರ ಮೊದಲ ಭಾಗವನ್ನು ಆರ್. ಶಾಮಶಾಸ್ತ್ರಿಗಳು ಸಂಪಾದಿಸಿ 1926ರಲ್ಲಿ ಮೈಸೂರಿನಲ್ಲಿ ಪ್ರಕಟಿಸಿದರು. ಇದರ ಚಿತ್ರಪ್ರಕರಣದಲ್ಲಿ ಬಣ್ಣಗಳನ್ನು ಮೊದಲು ಶುದ್ಧ, ಅನಂತರ ಮಿಶ್ರ ಎಂದು ಎರಡಾಗಿ ವಿಂಗಡಿಸಲಾಗಿದೆ. ಬಿಳುಪಿಗೆ ಶಂಖದ ಚೂರ್ಣ, ಕೆಂಪಿಗೆ ದರದ ಅಂದರೆ ಇಂಗುಲಿಕ, ರಕ್ತವರ್ಣಕ್ಕೆ ಅಲಕ್ತಕ ಅಂದರೆ ಅರಗಿನ ರಸ, ಕಂದುಗೆಂಪಿಗೆ ಗೈರಿಕ, ಹಳದಿಗೆ ಹರಿತಾಲ ಅಂದರೆ ಅರದಾಳ, ಕಪ್ಪಿಗೆ ಕಜ್ಜಲ ಅಂದರೆ ಕಾಡಿಗೆ. ನೀಲಿಗಿಡದ ಬಣ್ಣ ಮತ್ತು ರಾಜಾವರ್ತವೆಂಬ ನೀಲಶಿಲೆಗಳೂ ಮಿಶ್ರಣದ ಪ್ರಸ್ತಾಪದಲ್ಲಿ ಬರುತ್ತವೆ.

ಮಿಶ್ರಣದ ಭಾಗದಲ್ಲಿ ಶಂಖಕ್ಕೆ ವಿಶೇಷ ಸ್ಥಾನವಿದೆ. ದರದದೊಡನೆ ಶಂಖ ಸೇರಿದರೆ ಕೆಂದಾವರೆಯ ಬಣ್ಣ. ಕಜ್ಜಲದೊಡನೆ ಸೇರಿದರೆ ಹೊಗೆಯ ಬಣ್ಣ. ನೀಲಿಯೊಡನೆ ಸೇರಿದರೆ ಪಾರಿವಾಳದ ಬಣ್ಣ. ರಾಜಾವರ್ತದೊಡನೆ ಸೇರಿದರೆ ಅಗಸೆ ಹೂವಿನ ಬಣ್ಣ. ಹಸುರು ಮಾತ್ರ ಶಂಖದ ಸಹಾಯವಿಲ್ಲದೆ ನೀಲಿ ಮತ್ತು ಹರಿತಾಲಗಳ ಸೇರುವಿಕೆಯಿಂದ ಹುಟ್ಟುತ್ತದೆ. ಹಸುರಿಗೆ ಸ್ವತಂತ್ರವಾದ ಶುದ್ಧದ್ರವ್ಯವನ್ನು ಹೇಳದೆ ಅದನ್ನು ಮಿಶ್ರವರ್ಗದಲ್ಲಿ ಇಟ್ಟಿರುವುದನ್ನು ಮುಂದಿನ ವಿವೇಚನೆಗಾಗಿ ನೆನಪಿನಲ್ಲಿ ಇಟ್ಟುಕೊಳ್ಳಬೇಕು.

ಈ ಕ್ರಮವು ಚಿತ್ರಕಾರನ ಕೈಯಳತೆಯಿಂದ ಹುಟ್ಟಿದುದು. ಅರೆದ ಬಣ್ಣಗಳನ್ನು ಕರಟಗಳಲ್ಲಿಯೂ ಕಪ್ಪೆಚಿಪ್ಪುಗಳಲ್ಲಿಯೂ ಇರಿಸಿಕೊಂಡು ಕುಳಿತವನಿಗೆ ಬಿಳುಪು ಎಲ್ಲಕ್ಕೂ ಹತ್ತಿರವಾಗಿರಬೇಕು. ಅರದಾಳವನ್ನು ತಾಮ್ರದಿಂದಾದ ಹಸುರಿನೊಡನೆಯಾಗಲಿ ಸೀಸದ ಬಿಳುಪಿನೊಡನೆಯಾಗಲಿ ಸೇರಿಸಬಾರದು. ಅರದಾಳದಲ್ಲಿರುವ ಗಂಧಕವು ಅವುಗಳೊಡನೆ ಕೂಡಿ ಕಾಲಕ್ರಮದಲ್ಲಿ ಬಣ್ಣವನ್ನು ಕಪ್ಪಾಗಿಸುತ್ತದೆ. ಶಂಖದ ಬಿಳುಪಿಗೆ ಈ ದೋಷವಿಲ್ಲ. ಬಣ್ಣಗಳ ನೆರೆಹೊರೆಯನ್ನು ನಿಶ್ಚಯಿಸುವಲ್ಲಿ ಕಣ್ಣಿನ ಸೊಗಸಿನಂತೆಯೇ ದ್ರವ್ಯಗುಣವೂ ಕಾರಣವೆಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಸಿದ್ಧಾಂತಿಗಳ ಕ್ರಮ

ಲೇಶ್ಯೆಗಳು ಆರು: ಕೃಷ್ಣ, ನೀಲ, ಕಪೋತ, ಪೀತ, ಪದ್ಮ, ಶುಕ್ಲ. ಮೊದಲ ಮೂರು ಅಶುಭ, ಉಳಿದ ಮೂರು ಶುಭ. ಕಷಾಯದಿಂದ ಅನುರಂಜಿತವಾದ ಯೋಗಪ್ರವೃತ್ತಿಯು ಭಾವಲೇಶ್ಯೆ. ವರ್ಣನಾಮಕರ್ಮದ ಉದಯದಿಂದ ಶರೀರದಲ್ಲಿ ತೋರುವ ಬಣ್ಣವು ದ್ರವ್ಯಲೇಶ್ಯೆ. ಈ ಭೇದವು ವಿದ್ವಾಂಸರಿಗೆ ವಿದಿತವಾದುದೇ. ಚಿತ್ರದ ವಿಚಾರದಲ್ಲಿ ಪ್ರಸ್ತುತವಾಗುವುದು ದ್ರವ್ಯಲೇಶ್ಯೆಗೆ ಗೊಮ್ಮಟಸಾರದ ಜೀವಕಾಂಡವು ಕೊಡುವ ಉಪಮಾನಗಳು. ಕೃಷ್ಣಲೇಶ್ಯೆಗೆ ದುಂಬಿ, ನೀಲಕ್ಕೆ ನೀಲಮಣಿ, ಕಪೋತಕ್ಕೆ ಪಾರಿವಾಳ, ಪೀತಕ್ಕೆ ಚಿನ್ನ, ಪದ್ಮಕ್ಕೆ ಕಮಲ, ಶುಕ್ಲಕ್ಕೆ ಶಂಖ. ಪ್ರತಿಯೊಂದು ಬಣ್ಣಕ್ಕೂ ಸಂಖ್ಯಾತ, ಅಸಂಖ್ಯಾತ, ಅನಂತ ಭೇದಗಳುಂಟೆಂದೂ ಆ ಗ್ರಂಥವು ಹೇಳುತ್ತದೆ.

ಈ ಉಪಮಾನಗಳನ್ನು ಸೋಮೇಶ್ವರನ ಪಟ್ಟಿಯ ಪಕ್ಕದಲ್ಲಿ ಇಟ್ಟರೆ ಒಂದು ಸಾಮ್ಯ ಗೋಚರಿಸುತ್ತದೆ. ಸಿದ್ಧಾಂತಿಯು ಅತ್ಯಂತ ವಿಶುದ್ಧವಾದ ಲೇಶ್ಯೆಗೆ ಹೋಲಿಕೆಯಾಗಿ ಹೇಳಿದ ಶಂಖವೇ ಚಿತ್ರಕಾರನ ಶುದ್ಧ ಬಿಳುಪು. ಸಿದ್ಧಾಂತದಲ್ಲಿ ನೀಲ ಮತ್ತು ಪೀತಗಳ ನಡುವೆ ನಿಲ್ಲುವ ಕಪೋತವು ಚಿತ್ರಕಾರನಿಗೆ ನೀಲಿಯಲ್ಲಿ ಶಂಖವನ್ನು ಬೆರೆಸಿದಾಗ ದೊರೆಯುತ್ತದೆ; ಅಂದರೆ ನೀಲದೊಳಗೆ ಶುಕ್ಲವು ಸ್ವಲ್ಪ ಪ್ರವೇಶಿಸಿದ ಸ್ಥಿತಿ ಅದು. ಶುಕ್ಲಕ್ಕೆ ಹಿಂದಿನ ಮೆಟ್ಟಿಲಾದ ಪದ್ಮವೂ ದರದಕ್ಕೆ ಶಂಖ ಸೇರಿದಾಗಿನ ಕೆಂದಾವರೆಯ ಬಣ್ಣಕ್ಕೆ ಸಮೀಪವಾಗುತ್ತದೆ. ಒಂದು ಗ್ರಂಥವು ಇನ್ನೊಂದನ್ನು ಅನುಸರಿಸಿತೆಂದು ಇಷ್ಟರಿಂದಲೇ ನಿರ್ಣಯಿಸುವುದು ಯುಕ್ತವಲ್ಲ. ಆದರೆ ಇಬ್ಬರೂ ಒಂದೇ ಲೋಕದ ವಸ್ತುಗಳನ್ನು ಕಂಡು ಬಣ್ಣಗಳಿಗೆ ಹೆಸರಿಟ್ಟಿದ್ದಾರೆಂಬುದರಲ್ಲಿ ಸಂದೇಹವಿಲ್ಲ. ಪಾರಿವಾಳದ ಕೊರಳನ್ನೂ ಶಂಖದ ಮೈಯನ್ನೂ ನೋಡಿದ ಕಣ್ಣು ಇಬ್ಬರಿಗೂ ಸಮಾನ.

ಲೇಶ್ಯೆಗಳ ಕ್ರಮವು ಗ್ರಂಥದಲ್ಲಿಯೇ ಉಳಿಯದೆ ಗೋಡೆಯ ಮೇಲೂ ಬಂದಿತು. ಶ್ರವಣಬೆಳಗೊಳದ ಜೈನಮಠದ ಭಿತ್ತಿಚಿತ್ರಗಳಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರ ದಸರಾ ದರ್ಬಾರು, ಪಾರ್ಶ್ವನಾಥರ ಸಮವಸರಣ, ಭರತಚಕ್ರವರ್ತಿ ಮತ್ತು ನಾಗಕುಮಾರರ ಕಥೆಗಳ ಜೊತೆಗೆ ಷಡ್ಲೇಶ್ಯೆಗಳನ್ನು ತೋರಿಸುವ ಮರದ ಚಿತ್ರವೂ ಇದೆ. ಆರ್. ನರಸಿಂಹಾಚಾರ್ಯರು ಶ್ರವಣಬೆಳಗೊಳದ ಶಾಸನಸಂಪುಟದ ಪೀಠಿಕೆಯಲ್ಲಿ ಇದನ್ನು ವಿವರಿಸಿದ್ದಾರೆ. ಹಣ್ಣಿಗಾಗಿ ಮರವನ್ನು ಬುಡಸಹಿತ ಕೀಳಬಯಸುವವನು ಕೃಷ್ಣಲೇಶ್ಯೆಯವನು. ಕಾಂಡವನ್ನು ಕಡಿಯುವವನು ನೀಲದವನು. ಹಿರಿಯ ಕೊಂಬೆಗಳನ್ನು ಕಡಿಯುವವನು ಕಪೋತದವನು. ಕಿರಿಯ ಕೊಂಬೆಗಳನ್ನು ಕಡಿಯುವವನು ಪೀತದವನು. ಹಣ್ಣನ್ನು ಮಾತ್ರ ಕೀಳುವವನು ಪದ್ಮದವನು. ತಾನಾಗಿ ಬಿದ್ದ ಹಣ್ಣಿನಿಂದ ತೃಪ್ತನಾಗುವವನು ಶುಕ್ಲದವನು. ಮೈಸೂರಿನ ಅರಮನೆಯಲ್ಲಿ ಶ್ರೀತತ್ತ್ವನಿಧಿಯ ಚಿತ್ರಗಳೂ ನಂಜನಗೂಡಿನಲ್ಲಿ ಗಣಪತಿಯ ಮೂರ್ತಿಗಳೂ ಸಿದ್ಧವಾದ ಅರಸರ ದರ್ಬಾರನ್ನು ಈ ಮರದೊಡನೆ ಒಂದೇ ಮಠದ ಗೋಡೆಗಳ ಮೇಲೆ ಕಾಣಬಹುದು.

ಬಣ್ಣ ಕೆಟ್ಟಾಗ ಒದಗುವ ಭ್ರಾಂತಿ

ಕರ್ನಾಟಕದ ಜೈನ ಚಿತ್ರಿತ ಪ್ರತಿಗಳಲ್ಲಿ ಮೂಡಬಿದಿರೆಯ ಸಿದ್ಧಾಂತ ಗ್ರಂಥಗಳ ತಾಳೆಗರಿಗಳು ಅಗ್ರಗಣ್ಯವಾದವು. ಷಟ್ಖಂಡಾಗಮದ ಧವಲಾಟೀಕೆಯ ಪ್ರತಿಯು 1113ರ ಸುಮಾರಿನದು. ಜೊತೆಯ ಪ್ರತಿಗಳು 1120ರವರೆಗಿನ ಅವಧಿಗೆ ಸೇರಿದವು. ಅವುಗಳ ಕೆಲವು ಗರಿಗಳಲ್ಲಿ ತೀರ್ಥಂಕರರು, ಬಾಹುಬಲಿ, ಯಕ್ಷಯಕ್ಷಿಯರು ಮತ್ತು ಶ್ರಾವಕರು ಚಿತ್ರಿತರಾಗಿದ್ದಾರೆ. ಸೋಮೇಶ್ವರನ ಗ್ರಂಥಕ್ಕೂ ಈ ಗರಿಗಳಿಗೂ ಇರುವ ಅಂತರ ಇಪ್ಪತ್ತು ವರ್ಷಗಳಿಗಿಂತ ಹೆಚ್ಚಲ್ಲ. ಆದುದರಿಂದ ಆ ಗ್ರಂಥದ ವರ್ಣಪ್ರಕರಣವು ಈ ಚಿತ್ರಗಳ ಅಧ್ಯಯನಕ್ಕೆ ಸಮಕಾಲೀನ ಸಾಕ್ಷ್ಯವಾಗಿ ಒದಗುತ್ತದೆ.

ದಿಗಂಬರ ಸಂಪ್ರದಾಯದಲ್ಲಿ ತೀರ್ಥಂಕರರ ದೇಹವರ್ಣ ನಿಯತವಾಗಿದೆ. ಚಂದ್ರಪ್ರಭ ಮತ್ತು ಪುಷ್ಪದಂತರು ಶ್ವೇತ. ಪದ್ಮಪ್ರಭ ಮತ್ತು ವಾಸುಪೂಜ್ಯರು ರಕ್ತ. ಸುಪಾರ್ಶ್ವ ಮತ್ತು ಪಾರ್ಶ್ವರು ಹರಿತ. ಮುನಿಸುವ್ರತ ಮತ್ತು ನೇಮಿನಾಥರು ನೀಲ. ಉಳಿದ ಹದಿನಾರು ಮಂದಿ ಸುವರ್ಣವರ್ಣದವರು. ಇಪ್ಪತ್ನಾಲ್ವರನ್ನು ಬರೆಯಲು ಐದು ಬಣ್ಣಗಳು ಸಾಕು. ಅವುಗಳಲ್ಲಿ ನಾಲ್ಕು ಒಂದೊಂದೇ ದ್ರವ್ಯದಿಂದ ದೊರೆಯುತ್ತವೆ. ಹಸುರೊಂದು ಮಾತ್ರ ಎರಡರ ಸೇರುವಿಕೆಯಿಂದ ಆಗಬೇಕು.

ಕಷ್ಟವಿರುವುದು ಇಲ್ಲಿಯೇ. ಶಂಖ, ಕಜ್ಜಲ, ಗೈರಿಕಗಳು ಶತಮಾನಗಳ ಬೆಳಕನ್ನು ತಾಳುತ್ತವೆ. ನೀಲಿಗಿಡದ ಬಣ್ಣವು ತೆಳುವಾಗಿ ಬಳಿದಲ್ಲಿ ಬಿಸಿಲಿಗೆ ಮಾಸುತ್ತದೆ, ಅರಗಿನ ಕೆಂಪೂ ಅರದಾಳದ ಹಳದಿಯೂ ಬೆಳಕಿನಿಂದ ಬಾಡುತ್ತವೆ, ಇಂಗುಲಿಕವು ಕಪ್ಪಾಗುವುದುಂಟು. ಹಸುರಿನಲ್ಲಿ ಹಳದಿಯ ಅಂಶ ಬಾಡಿದರೆ ಉಳಿಯುವುದು ನೀಲಿ. ನೀಲಿಯ ಅಂಶ ಬಾಡಿದರೆ ಉಳಿಯುವುದು ಹಳದಿ. ಹೆಡೆಯಾಗಲಿ ಲಾಂಛನವಾಗಲಿ ಅಳಿಸಿಹೋದ ಚಿತ್ರದಲ್ಲಿ, ಮೂಲತಃ ಹರಿತವರ್ಣದ ಸುಪಾರ್ಶ್ವರು ನೀಲವರ್ಣದ ಮುನಿಸುವ್ರತರೆಂದೋ ಸುವರ್ಣವರ್ಣದ ಬೇರೊಬ್ಬ ಜಿನರೆಂದೋ ಗುರುತಿಸಲ್ಪಡುವ ಸಂಭವವಿದೆ. ಷಡ್ಲೇಶ್ಯೆಯ ಚಿತ್ರದಲ್ಲಿ ಕಪೋತದ ನೀಲಿಯು ಮಾಸಿದರೆ ಶಂಖವೊಂದೇ ಉಳಿದು, ಕೊಂಬೆಯನ್ನು ಕಡಿಯುವವನು ಬಿದ್ದ ಹಣ್ಣನ್ನು ಆಯುವವನ ಬಣ್ಣವನ್ನು ತಾಳುತ್ತಾನೆ. ಅಶುಭಲೇಶ್ಯೆಯು ಕಣ್ಣಿಗೆ ಶುಕ್ಲವಾಗಿ ತೋರುವುದಕ್ಕಿಂತ ಹೆಚ್ಚಿನ ವಿಪರ್ಯಾಸವಿಲ್ಲ.

ಇಂಥ ಸಂದರ್ಭದಲ್ಲಿ ಕ್ರಮವೇ ಆಧಾರ. ಮರದ ಬುಡದಿಂದ ನೆಲದ ಹಣ್ಣಿನವರೆಗಿನ ಸ್ಥಾನಗಳು ಬದಲಾಗುವುದಿಲ್ಲ. ತೀರ್ಥಂಕರರ ಆನುಪೂರ್ವಿಯೂ ಬದಲಾಗುವುದಿಲ್ಲ. ಚಿತ್ರದೊಳಗೆ ಒಬ್ಬನು ಎಷ್ಟನೆಯ ಸ್ಥಾನದಲ್ಲಿ ನಿಂತಿದ್ದಾನೆಂಬುದು ನಿಶ್ಚಿತವಾದರೆ ಅವನ ಮೂಲವರ್ಣವೂ ನಿಶ್ಚಿತವಾಗುತ್ತದೆ. ಬಣ್ಣವು ಅಳಿಯುವ ವಸ್ತುವೆಂದು ಬಲ್ಲ ಪೂರ್ವಿಕರು ಅದನ್ನು ಕ್ರಮದೊಳಗೆ ಕಟ್ಟಿಟ್ಟುದರ ಪ್ರಯೋಜನವು ಇಂದು ಹಸ್ತಪ್ರತಿಶಾಸ್ತ್ರಕ್ಕೆ ದೊರೆಯುತ್ತಿದೆ.

ಬಂಧಕದ್ರವ್ಯದ ಪ್ರಶ್ನೆ

ಬಣ್ಣದ ಪುಡಿಯನ್ನು ಗರಿಗೋ ಗೋಡೆಗೋ ಹಿಡಿಸಲು ಅಂಟು ಬೇಕು. ಮಾನಸೋಲ್ಲಾಸವು ಹೇಳುವ ವಜ್ರಲೇಪವನ್ನು ಎಮ್ಮೆಯ ಚರ್ಮವನ್ನು ಬೆಣ್ಣೆಯಂತಾಗುವವರೆಗೆ ನೀರಿನಲ್ಲಿ ಬೇಯಿಸಿ, ಕಡ್ಡಿಗಳಾಗಿ ಮಾಡಿ, ಬಿಸಿಲಿನಲ್ಲಿ ಒಣಗಿಸಿ ಸಿದ್ಧಪಡಿಸುತ್ತಾರೆ. ಕುಂಚಕ್ಕೆ ಕರುವಿನ ಕಿವಿಯ ಕೂದಲನ್ನು ಹೇಳಲಾಗಿದೆ. ಇದು ರಾಜಗೃಹದ ಭಿತ್ತಿಚಿತ್ರಗಳ ವಿಧಾನ. ಶ್ರುತವನ್ನು ಬರೆದ ಗರಿಗೆ ಇದು ಹೊಂದುತ್ತದೆಯೇ ಎಂಬುದು ಆಚಾರದೃಷ್ಟಿಯಿಂದ ಸಹಜವಾದ ಪ್ರಶ್ನೆ. ಹದಿಮೂರನೆಯ ಶತಮಾನದ ಆಶಾಧರನು ಸಾಗಾರಧರ್ಮಾಮೃತದಲ್ಲಿ ಚರ್ಮದ ಪಾತ್ರೆಯಲ್ಲಿಟ್ಟ ನೀರು ಎಣ್ಣೆಗಳನ್ನೂ ಮಾಂಸವಿರತಿಯ ಅತಿಚಾರಗಳಲ್ಲಿ ಗಣಿಸಿದ್ದಾನೆ. ಚರ್ಮದ ಸ್ಪರ್ಶವನ್ನೇ ಒಲ್ಲದ ಶ್ರಾವಕನು ಜಿನಬಿಂಬವನ್ನು ಚರ್ಮದ ಅಂಟಿನಿಂದ ಬರೆಯಿಸಿದನೆಂದು ಊಹಿಸುವುದು ಸುಲಭವಲ್ಲ.

ಬೇಲ, ಬೇವು, ಜಾಲಿ ಮೊದಲಾದ ಮರಗಳ ಅಂಟುಗಳು ಈ ಕಾರ್ಯಕ್ಕೆ ಒದಗಬಲ್ಲವು. ಮೈಸೂರು ಸಂಪ್ರದಾಯದ ಚಿತ್ರಗಾರರಲ್ಲಿಯೂ ಗೋಂದಿನ ಬಳಕೆ ಪ್ರಸಿದ್ಧವಾಗಿದೆ. ಬಂಧಕವು ಪ್ರಾಣಿಜನ್ಯವೇ ವೃಕ್ಷಜನ್ಯವೇ ಎಂಬುದನ್ನು ಇಂದಿನ ರಾಸಾಯನಿಕ ಪರೀಕ್ಷೆಯು ತಿಳಿಸಬಲ್ಲದು. ಅಂಥ ಪರೀಕ್ಷೆಯ ಫಲವು ತಂತ್ರದ ಒಂದು ವಿವರವಾಗಿ ಮುಗಿಯದೆ, ಅಹಿಂಸೆಯ ಆಚಾರವು ಚಿತ್ರಕಾರನ ಕರಟದವರೆಗೆ ಹೇಗೆ ವ್ಯಾಪಿಸಿತ್ತೆಂಬುದಕ್ಕೆ ಪ್ರಮಾಣವಾದೀತು. ಅರಗಿನ ಬಣ್ಣಕ್ಕೂ ಇದೇ ವಿಚಾರ ಅನ್ವಯಿಸುತ್ತದೆ; ಅದು ಕೀಟಜನ್ಯವಾದುದು.

ಪೆಟ್ಟಿಗೆಯ ಬಣ್ಣಗಳ ಆಗಮನ

ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಇಂಗ್ಲೆಂಡಿನ ರೀವ್ಸ್ ಸಹೋದರರು ಜಲವರ್ಣಗಳನ್ನು ಗಟ್ಟಿಬಿಲ್ಲೆಗಳಾಗಿ ಮಾಡಿ ಪೆಟ್ಟಿಗೆಯಲ್ಲಿ ಜೋಡಿಸಿ ಮಾರಲಾರಂಭಿಸಿದರು. 1832ರಲ್ಲಿ ಸ್ಥಾಪಿತವಾದ ವಿನ್ಸರ್ ಮತ್ತು ನ್ಯೂಟನ್ ಸಂಸ್ಥೆಯು 1835ರಲ್ಲಿ ಆರ್ದ್ರವಾಗಿಯೇ ಉಳಿಯುವ ಬಿಲ್ಲೆಗಳನ್ನು ತಂದಿತು. ಅರೆಯುವ, ಸೋಸುವ, ಅಂಟು ಬೆರೆಸುವ ಕೆಲಸಗಳು ಚಿತ್ರಕಾರನ ಮನೆಯಿಂದ ಕಾರ್ಖಾನೆಗೆ ಹೋದವು. ಅವನಿಗೆ ಉಳಿದುದು ಬಿಲ್ಲೆಗಳನ್ನು ತನ್ನ ವರ್ಣಫಲಕದಲ್ಲಿ ಹೊಂದಿಸಿಕೊಳ್ಳುವ ಕೆಲಸ.

ಶ್ರೀರಂಗಪಟ್ಟಣದ ಪತನದ ಅನಂತರ ಕರ್ನಲ್ ಮೆಕೆಂಜಿಯು ಮೈಸೂರು ಸೀಮೆಯ ಸರ್ವೇಕ್ಷಣೆಯನ್ನು ನಡೆಸಿದಾಗ ನಕ್ಷೆಗಾರರೂ ಚಿತ್ರಕಾರರೂ ಜೊತೆಗಿದ್ದರು. ಅವನ ಬಳಗದಲ್ಲಿ ಧರ್ಮಯ್ಯನೆಂಬ ಜೈನ ಪಂಡಿತನೂ ಇದ್ದನು. ನಂಜನಗೂಡಿನಿಂದ ದಕ್ಷಿಣಕ್ಕೆ, ಚಾಮರಾಜನಗರದ ಸೀಮೆಯಲ್ಲಿರುವ ಕನಕಗಿರಿಯ ದೇವಚಂದ್ರನು ರಾಜಾವಳೀಕಥೆಯನ್ನು ರಚಿಸಿದುದೂ ಮುಮ್ಮಡಿಯವರ ಕಾಲದಲ್ಲಿಯೇ. ಹೊಸ ಜಲವರ್ಣಗಳನ್ನು ಬಲ್ಲ ಸರ್ವೇಕ್ಷಕರೂ ತಾಳೆಗರಿಯ ವಿದ್ವಾಂಸರೂ ಹೀಗೆ ಒಂದೇ ಸೀಮೆಯಲ್ಲಿ ಸಂಧಿಸಿದರು. ಅರಮನೆಯ ಚಿತ್ರಗಾರರ ವಂಶದಲ್ಲಿ ಜನಿಸಿದ ಕೆ. ವೆಂಕಟಪ್ಪನವರು (1886–1965) ಕಲ್ಕತ್ತೆಯಲ್ಲಿ ಅವನೀಂದ್ರನಾಥ ಠಾಕೂರರ ಬಳಿ ಕಲಿತು, ಉದಕಮಂಡಲದ ದೃಶ್ಯಗಳನ್ನು ಜಲವರ್ಣದಲ್ಲಿ ಬರೆದು ಕೀರ್ತಿ ಪಡೆದುದು ಇದರ ಮುಂದಿನ ಹಂತ.

ಹಸ್ತಪ್ರತಿಗಳ ಕಾಲನಿರ್ಣಯಕ್ಕೆ ಈ ಬದಲಾವಣೆಯಿಂದ ಒಂದು ಉಪಕಾರವಾಗಿದೆ. ಪ್ರಷ್ಯನ್ ನೀಲಿಯು ಹದಿನೆಂಟನೆಯ ಶತಮಾನದ ಆರಂಭದಲ್ಲಿ ಕಂಡುಹಿಡಿಯಲ್ಪಟ್ಟಿತು. ರಾಜಾವರ್ತಕ್ಕೆ ಬದಲಾದ ಕೃತಕ ನೀಲಿಯು 1828ರದು. ಸತುವಿನ ಬಿಳುಪು ಜಲವರ್ಣವಾಗಿ 1834ರಲ್ಲಿ ಬಂದಿತು. ಟೈಟಾನಿಯಂ ಬಿಳುಪು ಇಪ್ಪತ್ತನೆಯ ಶತಮಾನದ್ದು. ಹಿಂದಿನ ತೇದಿಯುಳ್ಳ ಪುಷ್ಪಿಕೆಯ ಪಕ್ಕದ ಚಿತ್ರದಲ್ಲಿ ಇವುಗಳಲ್ಲೊಂದು ದೊರೆತರೆ, ಆ ಚಿತ್ರವೋ ಅದರ ಆ ಭಾಗವೋ ತರುವಾಯದ್ದೆಂದು ನಿರ್ಣಯಿಸಬಹುದು. ಪುಷ್ಪಿಕೆಯನ್ನು ಹಳೆಯ ಪ್ರತಿಯಿಂದ ನಕಲು ಮಾಡಬಹುದು. ಇನ್ನೂ ಹುಟ್ಟದ ಬಣ್ಣವನ್ನು ಬಳಸಲು ಯಾರಿಗೂ ಸಾಧ್ಯವಿಲ್ಲ.

ಅಪಾಯವೂ ಅಷ್ಟೇ ಇದೆ. ಭಕ್ತಿಯಿಂದಲೇ ಆದರೂ ಮಾಸಿದ ಚಿತ್ರಕ್ಕೆ ಅಂಗಡಿಯ ಬಣ್ಣವನ್ನು ಹಚ್ಚಿದರೆ ಮೂಲದ ಸಾಕ್ಷ್ಯ ಮುಚ್ಚಿಹೋಗುತ್ತದೆ. ನೀಲವಾಗಿ ತೋರಿದ ಹರಿತವರ್ಣದ ಜಿನರಿಗೆ ಹೊಸ ನೀಲಿಯನ್ನು ಬಳಿದರೆ, ಕಾಲವು ಮಾಡಿದ ಭ್ರಾಂತಿಯನ್ನ ಮನುಷ್ಯನ ಕೈ ಶಾಶ್ವತಗೊಳಿಸಿದಂತಾಗುತ್ತದೆ.

ಉಪಸಂಹಾರ

ಮೇಲಿನ ವಿವೇಚನೆಯಿಂದ ಚಿತ್ರಿತ ಪ್ರತಿಗಳ ಸೂಚೀಕರಣಕ್ಕೆ ಕೆಲವು ಅಂಶಗಳನ್ನು ಸೇರಿಸಿಕೊಳ್ಳುವುದು ಯುಕ್ತವೆಂದು ತೋರುತ್ತದೆ. ಪ್ರತಿ ಚಿತ್ರದ ಬಣ್ಣಗಳನ್ನು ಶಂಖ, ದರದ, ಹರಿತಾಲ, ನೀಲಿ, ಕಜ್ಜಲ ಎಂಬ ಶಾಸ್ತ್ರೋಕ್ತ ಕ್ರಮದಲ್ಲಿ, ಶುದ್ಧ ಮಿಶ್ರಗಳ ವಿಭಾಗದೊಡನೆ ನಮೂದಿಸಬೇಕು. ಪರೀಕ್ಷೆಯಿಲ್ಲದೆ ದ್ರವ್ಯವನ್ನು ನಿರ್ಣಯಿಸದೆ, ಕಣ್ಣಿಗೆ ತೋರುವ ಬಣ್ಣವನ್ನೂ ಆಗಮೋಕ್ತವಾದ ಬಣ್ಣವನ್ನೂ ಬೇರೆ ಬೇರೆಯಾಗಿ ಬರೆಯಬೇಕು. ಛಾಯಾಚಿತ್ರ ತೆಗೆಯುವಾಗ ಪಕ್ಕದಲ್ಲಿ ವರ್ಣಪಟ್ಟಿಯನ್ನು ಇರಿಸಬೇಕು. ಮಾಸಿದ ಚಿತ್ರದ ಮೇಲೆ ಹೊಸ ಬಣ್ಣವನ್ನು ಯಾವ ಕಾರಣದಿಂದಲೂ ಹಚ್ಚಬಾರದು.

ತಲಕಾಡಿನ ಗಂಗರ ಮಂತ್ರಿಗಾಗಿ ರಚಿತವಾದ ಗ್ರಂಥದಲ್ಲಿ ದುಂಬಿಯಿಂದ ಶಂಖದವರೆಗೆ ಆರು ಬಣ್ಣಗಳು ಸಾಲಾಗಿ ನಿಂತಿವೆ. ನಂಜನಗೂಡಿನ ಮೂವತ್ತೆರಡು ಮೂರ್ತಿಗಳಿಗೆ ಇಂದು ಬಣ್ಣವಿಲ್ಲದಿದ್ದರೂ ಯಾವುದು ಕೆಂಪು, ಯಾವುದು ಬಿಳುಪು ಎಂದು ಹೇಳಲು ಶಕ್ಯವಾಗಿರುವುದು ಪ್ರತಿಯೊಂದರ ವರ್ಣವನ್ನೂ ಕ್ರಮವರಿತು ಬರೆದಿಟ್ಟ ಹಸ್ತಪ್ರತಿಯಿಂದ. ಜೈನ ಭಂಡಾರಗಳಲ್ಲಿ ಉಳಿದಿರುವ ಚಿತ್ರಿತ ಗರಿಗಳಿಗೂ ಅಂಥದೇ ಬರವಣಿಗೆಯ ಆಸರೆ ದೊರೆಯಬೇಕು. ಅವುಗಳ ಬಣ್ಣ ಇನ್ನೂ ಕಣ್ಣಿಗೆ ಕಾಣುತ್ತಿರುವಾಗಲೇ ಈ ಕಾರ್ಯವು ನೆರವೇರುವುದು ಆವಶ್ಯಕ.